ಅಂಗಡಿಯ ಬಿಲ್ಲನ್ನು ಓದುವ ಬಗೆ

ನಮ್ಮ ವಾಚನಾಲಯಕ್ಕೆ ಸಂಜೆ ಬಂದು ಕೂಡುವವರು ಪತ್ರಿಕೆಯ ಮೊದಲ ಪುಟದಿಂದ ಕೊನೆಯ ಪುಟದ ಜಾಹೀರಾತಿನವರೆಗೆ ಒಂದಕ್ಷರವನ್ನೂ ಬಿಡದೆ ಓದುತ್ತಾರೆ. ಆದರೆ ಬರುವ ದಾರಿಯಲ್ಲಿ ಸಾಮಾನು ಕೊಂಡಾಗ ಅಂಗಡಿಯವರು ಕೊಟ್ಟ ಬಿಲ್ಲನ್ನು ಮಾತ್ರ ಓದದೆ ಮಡಚಿ ಜೇಬಿಗೆ ಹಾಕಿಕೊಳ್ಳುತ್ತಾರೆ. ತಿಂಗಳೆಲ್ಲ ದುಡಿದ ಹಣ ಎಲ್ಲಿ ಹೋಯಿತೆಂದು ಹೇಳುವ ಬರೆಹ ಅದೇ ಅಲ್ಲವೆ? ಆದಕಾರಣ ಈ ಸಲದ ಪಾಠವನ್ನು ಆ ಬಿಲ್ಲಿಗೇ ಮೀಸಲಿಟ್ಟಿದ್ದೇವೆ.

ಮೊದಲು ಒಂದು ಸಂಗತಿ. ಡೊಂಬಿವಲಿ ಪೂರ್ವದಲ್ಲಿ ವಾಸವಾಗಿರುವ ನಮ್ಮ ಓದುಗರೊಬ್ಬರು ಒಂದು ಖಾಸಗಿ ಕಚೇರಿಯಲ್ಲಿ ಗುಮಾಸ್ತರು. ಸಂಬಳದ ಮರುದಿನ ದೊಡ್ಡ ಅಂಗಡಿಯೊಂದರಿಂದ ತಿಂಗಳ ಜಿನಸು ತಂದರು. ಅವರ ಹೆಂಡತಿ ಡಬ್ಬಿಗಳಿಗೆ ತುಂಬಿಡುತ್ತ, "ಏನ್ರೀ, ಚಹಾಪುಡಿ ಒಂದೇ ಪೊಟ್ಟಣ ಇದೆ, ಬಿಲ್ಲಿನಲ್ಲಿ ಎರಡು ಅಂತ ಹಾಕಿದ್ದಾರಲ್ಲ?" ಎಂದು ಕೇಳಿದರು. "ಹೋಗಲಿ ಬಿಡು, ಅಷ್ಟು ಜನರ ಎದುರಿಗೆ ನೂರು ಚಿಲ್ಲರೆ ರೂಪಾಯಿಗೆ ನಿಂತು ವಾದ ಮಾಡುವುದೇ?" ಎಂದರು ಇವರು. ಆಕೆ ಮರುಮಾತಾಡಲಿಲ್ಲ, ಬಿಲ್ಲನ್ನು ಮಾತ್ರ ದೇವರ ಪಟದ ಹಿಂದೆ ಸಿಕ್ಕಿಸಿಟ್ಟರು. ಎರಡು ದಿನ ಕಳೆದ ಮೇಲೆ, "ಊರಲ್ಲಿ ಅತ್ತೆಯವರ ಮಾತ್ರೆಗೆ ವಾರಕ್ಕೆ ಅಷ್ಟೇ ಹಣ ಬೇಕಾಗುತ್ತದೆ" ಎಂದರು. ಆಗ ಇವರು ಎದ್ದು ಹೋದರು. ಅಂಗಡಿಯ ಮ್ಯಾನೇಜರು ಬಿಲ್ಲನ್ನು ನೋಡಿ, ದಾಸ್ತಾನನ್ನು ಎಣಿಸಿ ನೋಡಿ, ಹಣವನ್ನು ಹಿಂದಿರುಗಿಸಿದರು. "ಕೇಳಿ ಪಡೆಯಲು ಹಿಡಿದದ್ದು ಹತ್ತು ನಿಮಿಷ, ಕೇಳಲೋ ಬೇಡವೋ ಎಂದು ಯೋಚಿಸಲು ಹಿಡಿದದ್ದು ಎರಡು ದಿನ" ಎಂದು ಅವರೇ ನಮಗೆ ಹೇಳಿದರು.

ಈ ಪಾಠದ ತಾತ್ಪರ್ಯವೆಲ್ಲ ಆ ಒಂದು ಮಾತಿನಲ್ಲಿದೆ. ಲೆಕ್ಕ ಕಠಿಣವಲ್ಲ, ಸಂಕೋಚ ಕಠಿಣ. ಲೆಕ್ಕ ಚೆನ್ನಾಗಿ ತಿಳಿದರೆ ಸಂಕೋಚ ತಾನಾಗಿಯೇ ಕಡಿಮೆಯಾಗುತ್ತದೆ.

ಬೆಲೆ ಎಲ್ಲಿರುತ್ತದೆ?

ಹಿಂದೆ ಬೀದಿಯ ಕಿರಾಣಿ ಅಂಗಡಿಯಲ್ಲಿ ಬೆಲೆ ಅಂಗಡಿಕಾರನ ತಲೆಯಲ್ಲಿರುತ್ತಿತ್ತು. ಇಂದು ಠಾಣೆ, ಡೊಂಬಿವಲಿ, ಕಲ್ಯಾಣ, ವಾಶಿ, ನೆರೂಳ್ ಎಲ್ಲೆಲ್ಲಿಯೂ ಇರುವ ದೊಡ್ಡ ಅಂಗಡಿಗಳಲ್ಲಿ ಪೊಟ್ಟಣದ ಮೇಲಿನ ಕಪ್ಪು ಗೆರೆಗಳನ್ನು ಯಂತ್ರಕ್ಕೆ ತೋರಿಸುತ್ತಾರೆ. ಇದಕ್ಕೆ ಬಾರ್‌ಕೋಡ್ ಎಂದು ಹೆಸರು. ಈ ಗೆರೆಗಳನ್ನು ಅಂಗಡಿಯಲ್ಲಿ ಮೊಟ್ಟಮೊದಲು ಓದಿಸಿದ್ದು 1974ನೆಯ ಜೂನ್ 26ರಂದು, ಅಮೆರಿಕದ ಓಹಾಯೋ ರಾಜ್ಯದ ಟ್ರಾಯ್ ಎಂಬ ಊರಿನಲ್ಲಿ. ವಸ್ತು ಚೂಯಿಂಗ್ ಗಮ್ಮಿನ ಒಂದು ಕಟ್ಟು. ನಮ್ಮ ದೇಶದಲ್ಲಿ ನೋಂದಾಯಿಸಿದ ಸಂಖ್ಯೆಗಳು 890 ಎಂದು ಮೊದಲಾಗುತ್ತವೆ.

ಇಲ್ಲಿ ಮುಖ್ಯವಾಗಿ ತಿಳಿಯಬೇಕಾದ ಅಂಶ ಒಂದುಂಟು. ಕಾರ್ಖಾನೆಯಿಂದ ಬಂದ ಪೊಟ್ಟಣದ ಆ ಗೆರೆಗಳಲ್ಲಿ ಬೆಲೆ ಇರುವುದಿಲ್ಲ. ವಸ್ತುವಿನ ಸಂಖ್ಯೆ ಮಾತ್ರ ಇರುತ್ತದೆ. ಬೆಲೆ ಇರುವುದು ಅಂಗಡಿಯ ಕಂಪ್ಯೂಟರಿನ ಪಟ್ಟಿಯಲ್ಲಿ. ಕಪಾಟಿನ ಮೇಲೆ ಬೆಲೆಯ ಚೀಟಿ ಅಂಟಿಸುವವನೊಬ್ಬ, ಕಂಪ್ಯೂಟರಿನಲ್ಲಿ ಬೆಲೆ ತಿದ್ದುವವನು ಇನ್ನೊಬ್ಬ. ಇವರಲ್ಲಿ ಒಬ್ಬನು ಮರೆತರೂ ಕಪಾಟು ಒಂದು ಹೇಳುತ್ತದೆ, ಬಿಲ್ಲು ಇನ್ನೊಂದು ಹೇಳುತ್ತದೆ. ಗಲ್ಲಾದಲ್ಲಿ ಕುಳಿತ ಹುಡುಗಿಗೆ ಇದರ ಸುಳಿವೂ ಇರುವುದಿಲ್ಲ. ಆಕೆಯ ಕೈಯಿಂದ ಆಗಬಹುದಾದ ತಪ್ಪು ಬೇರೆ: ಒಂದೇ ವಸ್ತುವನ್ನು ಎರಡು ಸಲ ಓದಿಸುವುದು, ಅಥವಾ ಸಂಖ್ಯೆ ಒತ್ತುವಾಗ 1ರ ಬದಲು 2 ಒತ್ತುವುದು. ಆದುದರಿಂದ ಬಿಲ್ಲಿನಲ್ಲಿ ತಪ್ಪು ಕಂಡಕೂಡಲೆ ಎದುರಿಗಿರುವವರನ್ನು ಕಳ್ಳರೆಂದು ಬಗೆಯತಕ್ಕದ್ದಲ್ಲ. ತಪ್ಪನ್ನು ತಪ್ಪೆಂದು ತೋರಿಸದೆ ಬಿಡತಕ್ಕದ್ದೂ ಅಲ್ಲ.

ಮೂರು ಬೆಲೆಗಳು

ಒಂದು ವಸ್ತುವಿಗೆ ಮೂರು ಕಡೆ ಬೆಲೆ ಇರುತ್ತದೆಂಬುದನ್ನು ನೆನಪಿಡಿ: ಪೊಟ್ಟಣದ ಮೇಲಿನ ಬೆಲೆ, ಕಪಾಟಿನ ಚೀಟಿಯ ಬೆಲೆ, ಬಿಲ್ಲಿನ ಬೆಲೆ.

ಪೊಟ್ಟಣದ ಮೇಲಿನದು ಎಂ.ಆರ್.ಪಿ., ಅಂದರೆ ಗರಿಷ್ಠ ಚಿಲ್ಲರೆ ಬೆಲೆ. ಎಲ್ಲ ತೆರಿಗೆಗಳೂ ಇದರೊಳಗೇ ಸೇರಿರುತ್ತವೆ. 2009ರ ಕಾನೂನು ಮಾಪನಶಾಸ್ತ್ರ ಕಾಯಿದೆ ಮತ್ತು 2011ರ ಪೊಟ್ಟಣ ವಸ್ತುಗಳ ನಿಯಮಗಳ ಪ್ರಕಾರ ಅಂಗಡಿಯವರು ಇದಕ್ಕಿಂತ ಒಂದು ಪೈಸೆಯನ್ನೂ ಹೆಚ್ಚು ತೆಗೆದುಕೊಳ್ಳಕೂಡದು. ಹಾಲಿನ ಪೊಟ್ಟಣಕ್ಕೋ ತಂಪು ಪಾನೀಯಕ್ಕೋ "ತಣ್ಣಗೆ ಇಟ್ಟ ಖರ್ಚು" ಎಂದು ಒಂದೆರಡು ರೂಪಾಯಿ ಮೇಲೆ ಕೇಳುವ ಪದ್ಧತಿ ಸಣ್ಣ ಅಂಗಡಿಗಳಲ್ಲಿ ಉಂಟು. ಅದು ಕಾನೂನಿಗೆ ವಿರುದ್ಧ. ಹೋಟೆಲುಗಳಲ್ಲಿ ದುಡಿಯುವ ನಮ್ಮ ಬಂಧುಗಳು ಇಲ್ಲೊಂದು ಭೇದವನ್ನು ಗಮನಿಸಬೇಕು. ಗಿರಾಕಿಯನ್ನು ಕೂರಿಸಿ ಬಡಿಸುವ ಹೋಟೆಲಿಗೆ ಈ ಮಿತಿ ಅನ್ವಯಿಸುವುದಿಲ್ಲವೆಂದು ಸುಪ್ರೀಂ ಕೋರ್ಟು 2017ರ ಡಿಸೆಂಬರಿನಲ್ಲಿ ತೀರ್ಪು ಕೊಟ್ಟಿದೆ. ಅಲ್ಲಿ ನೀರಿನ ಬಾಟಲಿಯ ಜೊತೆಗೆ ಸ್ಥಳ, ಸೇವೆ ಇವೂ ಸೇರುತ್ತವೆಂಬುದು ಅದರ ಕಾರಣ. ಅಂಗಡಿಗೆ ಈ ವಿನಾಯಿತಿ ಇಲ್ಲ.

ಎಂ.ಆರ್.ಪಿ. ಎಂಬುದು ಮೇಲಿನ ಮಿತಿ ಮಾತ್ರ. ಅಂಗಡಿಯವರು ಅದಕ್ಕಿಂತ ಕಡಿಮೆಗೆ ಮಾರಬಹುದು. ಕಪಾಟಿನ ಚೀಟಿಯಲ್ಲಿ ಕಾಣುವುದು ಆ ಕಡಿಮೆ ಬೆಲೆ. ಅದನ್ನು ನೋಡಿಯೇ ನಾವು ವಸ್ತುವನ್ನು ಆರಿಸುತ್ತೇವೆ. ಒಂದು ಸಾಬೂನಿನ ಕಟ್ಟಿನ ಎಂ.ಆರ್.ಪಿ. 160, ಚೀಟಿಯಲ್ಲಿ 132, ಬಿಲ್ಲಿನಲ್ಲಿ 148 ಎಂದಿದ್ದರೆ ಎಂ.ಆರ್.ಪಿ. ನಿಯಮ ಮುರಿದಂತಾಗಲಿಲ್ಲ, ನಿಜ. ಆದರೆ ಬೆಲೆಯ ವಿಷಯದಲ್ಲಿ ಜನರನ್ನು ದಾರಿ ತಪ್ಪಿಸುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಅನುಚಿತ ವ್ಯಾಪಾರ ಪದ್ಧತಿಗಳಲ್ಲಿ ಸೇರಿಸಿದೆ. ಆ 16 ರೂಪಾಯಿಯನ್ನು ಕೇಳಲು ನಿಮಗೆ ಆಧಾರವಿದೆ.

ಕೆಲವು ಪೊಟ್ಟಣಗಳ ಮೇಲೆ ಎರಡು ಎಂ.ಆರ್.ಪಿ. ಕಾಣುತ್ತವೆ. ಬೆಲೆ ಇಳಿದಾಗ ಇಳಿದ ಬೆಲೆಯ ಚೀಟಿಯನ್ನು ಅಂಟಿಸಬಹುದು. ಆದರೆ ಅದು ಮೊದಲಿನ ಅಚ್ಚು ಬೆಲೆಯನ್ನು ಮುಚ್ಚಬಾರದು. ಹಳೆಯ ಬೆಲೆಯನ್ನು ಮುಚ್ಚಿ ಮೇಲೆ ಹೆಚ್ಚಿನ ಬೆಲೆಯ ಚೀಟಿ ಅಂಟಿಸಿದ್ದರೆ ಸಂಶಯಪಡಲು ಕಾರಣವಿದೆ.

ಒಂದು ಬಿಲ್ಲಿನ ಲೆಕ್ಕ

ಈಗ ಒಂದು ಬಿಲ್ಲನ್ನು ಓದೋಣ. ಇದು ಪಾಠಕ್ಕಾಗಿ ನಾವೇ ಕಟ್ಟಿದ ಬಿಲ್ಲು.

ಅಕ್ಕಿ, 5 ಕಿಲೋ ಚೀಲ 1: ರೂ. 340.00
ತೊಗರಿಬೇಳೆ, ಬಿಡಿ, 1.060 ಕಿಲೋ, ದರ 150: ರೂ. 159.00
ಸೂರ್ಯಕಾಂತಿ ಎಣ್ಣೆ, 1 ಲೀಟರ್, 2, ದರ 165: ರೂ. 330.00
ಸ್ನಾನದ ಸಾಬೂನು, 4ರ ಕಟ್ಟು 1: ರೂ. 148.00
ಚಹಾಪುಡಿ, 250 ಗ್ರಾಂ, 2, ದರ 130: ರೂ. 260.00
ಟೊಮೆಟೊ, 1.240 ಕಿಲೋ, ದರ 40: ರೂ. 49.60
ಕೈಚೀಲ 1: ರೂ. 12.00
ಮೊತ್ತ: ರೂ. 1298.60
ಪೂರ್ಣಾಂಕಕ್ಕೆ ಸೇರಿಸಿದ್ದು: ರೂ. 0.40
ಕೊಡಬೇಕಾದದ್ದು: ರೂ. 1299.00

ಕೂಡಿಸಿ ನೋಡಿದರೆ ಮೊತ್ತ ಸರಿಯಾಗಿಯೇ ಇದೆ. ಯಂತ್ರ ಕೂಡುವುದರಲ್ಲಿ ತಪ್ಪುವುದಿಲ್ಲ. ಆದಕಾರಣ ಕೆಳಗಿನ ಮೊತ್ತವನ್ನು ನೋಡಿ ಸಮಾಧಾನಪಡುವುದರಿಂದ ಪ್ರಯೋಜನವಿಲ್ಲ. ಒಂದೊಂದು ಸಾಲನ್ನೂ ನೋಡಬೇಕು.

ಮೊದಲು ಎಣಿಕೆ. ಚೀಲದಲ್ಲಿ ಚಹಾಪುಡಿ ಒಂದೇ ಇದೆ, ಬಿಲ್ಲಿನಲ್ಲಿ ಎರಡು. ಹೆಚ್ಚಾದದ್ದು ರೂ. 130. ಎರಡನೆಯದು ಬೆಲೆ. ಸಾಬೂನಿಗೆ ಚೀಟಿಯಲ್ಲಿ 132 ಎಂದಿತ್ತು; ಹೆಚ್ಚಾದದ್ದು ರೂ. 16. ಮೂರನೆಯದು ರಿಯಾಯತಿ. ಎಣ್ಣೆ ಎರಡು ಕೊಂಡರೆ 310 ಎಂದು ಫಲಕವಿತ್ತು, ಬಿಲ್ಲಿನಲ್ಲಿ 330. ಹೆಚ್ಚಾದದ್ದು ರೂ. 20. ಒಟ್ಟು ರೂ. 166. ನಾಲ್ಕನೆಯದು ಕೇಳದೆ ಸೇರಿಸಿದ ವಸ್ತು. ಕೈಚೀಲಕ್ಕೆ 12 ರೂಪಾಯಿ ಎಂದು ಯಾರೂ ಮೊದಲೇ ಹೇಳಿರಲಿಲ್ಲ. ಸಾಮಾನೆಲ್ಲ ಆರಿಸಿ ಗಲ್ಲಾದ ಹತ್ತಿರ ಬಂದ ಮೇಲೆ, ಮುನ್ಸೂಚನೆಯಿಲ್ಲದೆ ಚೀಲಕ್ಕೆ ಹಣ ವಸೂಲು ಮಾಡುವುದು ಅನುಚಿತ ಪದ್ಧತಿಯೆಂದು ರಾಷ್ಟ್ರೀಯ ಗ್ರಾಹಕ ಆಯೋಗವು 2020ರ ಡಿಸೆಂಬರಿನಲ್ಲಿ ಹೇಳಿದೆ. ಅದನ್ನೂ ತೆಗೆಸಿದರೆ ಮೊತ್ತ 1120.60, ಪೂರ್ಣಾಂಕದಲ್ಲಿ 1121. ಉಳಿದದ್ದು ರೂ. 178. ಮನೆಯಿಂದ ಬಟ್ಟೆಯ ಚೀಲ ಒಯ್ದರೆ ಈ ನಾಲ್ಕನೆಯ ಪ್ರಶ್ನೆಯೇ ಏಳುವುದಿಲ್ಲ.

ಎಣಿಕೆ, ಬೆಲೆ, ರಿಯಾಯತಿ, ಕೇಳದ ವಸ್ತು: ಈ ನಾಲ್ಕನ್ನು ಇದೇ ಕ್ರಮದಲ್ಲಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ಗಲ್ಲಾದಿಂದ ಎರಡು ಹೆಜ್ಜೆ ಸರಿದು ನಿಂತರೆ ಹಿಂದಿನವರಿಗೂ ತೊಂದರೆಯಿಲ್ಲ. ಅಂಗಡಿಯ ಬಾಗಿಲನ್ನೂ ದಾಟಿದಂತಾಗುವುದಿಲ್ಲ.

ರಿಯಾಯತಿಯ ಮಾತು

ರಿಯಾಯತಿ ತಪ್ಪುವುದಕ್ಕೆ ಹೆಚ್ಚಾಗಿ ಒಂದು ಷರತ್ತು ಕಾರಣವಾಗಿರುತ್ತದೆ. ಫಲಕದ ದೊಡ್ಡ ಅಕ್ಷರದ ಕೆಳಗೆ ಚಿಕ್ಕ ಅಕ್ಷರವಿರುತ್ತದೆ: ಇಂತಿಷ್ಟು ತೂಕದ ಪೊಟ್ಟಣಕ್ಕೆ ಮಾತ್ರ, ಇಂಥ ತಾರೀಖಿನವರೆಗೆ ಮಾತ್ರ, ಇಂತಿಷ್ಟು ರೂಪಾಯಿಯ ಖರೀದಿಯ ಮೇಲೆ ಮಾತ್ರ, ಸದಸ್ಯತ್ವದ ಮೊಬೈಲ್ ಸಂಖ್ಯೆ ಹೇಳಿದವರಿಗೆ ಮಾತ್ರ. ಇವನ್ನು ಕಪಾಟಿನ ಬಳಿಯೇ ಓದಿಕೊಂಡು, ಮೊಬೈಲಿನಲ್ಲಿ ಫಲಕದ ಒಂದು ಚಿತ್ರ ತೆಗೆದಿಟ್ಟುಕೊಂಡರೆ ಅದೇ ಸಾಕ್ಷಿ. ಷರತ್ತು ನಮಗೆ ಹೊಂದದಿದ್ದರೆ ಅಂಗಡಿಯವರನ್ನು ದೂರುವಂತಿಲ್ಲ.

ಇನ್ನೊಂದು ಮಾತು. ಬಿಲ್ಲಿನ ಕೊನೆಯಲ್ಲಿ "ನೀವು ಇಂದು ಉಳಿಸಿದ ಹಣ ಇಷ್ಟು" ಎಂದು ದಪ್ಪ ಅಕ್ಷರದಲ್ಲಿ ಮುದ್ರಿಸಿರುತ್ತಾರೆ. ಸಾಮಾನ್ಯವಾಗಿ ಈ ಲೆಕ್ಕವನ್ನು ಎಂ.ಆರ್.ಪಿ.ಯೊಡನೆ ಹೋಲಿಸಿ ಮಾಡಿರುತ್ತಾರೆ, ಕಪಾಟಿನ ಬೆಲೆಯೊಡನೆ ಅಲ್ಲ. ಮೇಲಿನ ಸಾಬೂನಿನಲ್ಲಿ 16 ರೂಪಾಯಿ ಹೆಚ್ಚು ಕೊಟ್ಟವನಿಗೂ ಬಿಲ್ಲು "12 ರೂಪಾಯಿ ಉಳಿಸಿದಿರಿ" ಎಂದೇ ಹೇಳುತ್ತದೆ! ಆ ಸಾಲನ್ನು ನೋಡಿ ಹಿಗ್ಗಬಾರದು.

ದೊಡ್ಡ ಪೊಟ್ಟಣ ಯಾವಾಗಲೂ ಅಗ್ಗವೆಂಬ ನಂಬಿಕೆಯೂ ಸರಿಯಲ್ಲ. ಇಂದು 750 ಗ್ರಾಂ, 850 ಗ್ರಾಂ ಎಂದು ನಾನಾ ಅಳತೆಯ ಪೊಟ್ಟಣಗಳು ಬರುತ್ತಿವೆ. 750 ಗ್ರಾಮಿಗೆ 210, ಒಂದು ಕಿಲೋವಿಗೆ 270 ಎಂದಿದ್ದರೆ ಯಾವುದು ಅಗ್ಗ? ನೂರು ಗ್ರಾಮಿಗೆ ಲೆಕ್ಕ ಹಾಕಿ: ಮೊದಲನೆಯದು 28, ಎರಡನೆಯದು 27. ಈ ಲೆಕ್ಕವನ್ನು ಸುಲಭ ಮಾಡುವುದಕ್ಕೆಂದೇ ಪೊಟ್ಟಣದ ಮೇಲೆ ಗ್ರಾಮಿಗೆ ಅಥವಾ ಕಿಲೋವಿಗೆ ಇಷ್ಟು ಎಂದು ಏಕಮಾನ ಬೆಲೆಯನ್ನೂ ಅಚ್ಚುಹಾಕಬೇಕೆಂಬ ನಿಯಮ ಈಚೆಗೆ ಬಂದಿದೆ. ಹುಡುಕಿ ನೋಡಿ.

ತೆರಿಗೆಯ ಸಾಲು

ಬಿಲ್ಲಿನ ಅಡಿಯಲ್ಲಿ ಜಿ.ಎಸ್.ಟಿ. ಎಂಬ ತೆರಿಗೆಯ ವಿವರವಿರುತ್ತದೆ. ಅದನ್ನು ಕಂಡು ಅನೇಕರು ಬೆಲೆಯ ಮೇಲೆ ಇನ್ನೊಮ್ಮೆ ತೆರಿಗೆ ತೆಗೆದರೆಂದು ಗಾಬರಿಪಡುತ್ತಾರೆ. ವಾಸ್ತವವಾಗಿ ಅದು ಬೆಲೆಯೊಳಗೆ ಅಡಗಿರುವ ತೆರಿಗೆಯನ್ನು ಬಿಡಿಸಿ ತೋರಿಸುವ ಲೆಕ್ಕ. 105 ರೂಪಾಯಿಯ ವಸ್ತುವಿಗೆ ಶೇಕಡಾ 5ರ ತೆರಿಗೆಯಾದರೆ ವಸ್ತುವಿನ ಬೆಲೆ 100, ಕೇಂದ್ರಕ್ಕೆ 2.50, ರಾಜ್ಯಕ್ಕೆ 2.50. ಎಂ.ಆರ್.ಪಿ.ಯ ಮೇಲೆ ತೆರಿಗೆ ಕೂಡಿಸಿ ಹೆಚ್ಚು ತೆಗೆದಿದ್ದರೆ ಮಾತ್ರ ಅದು ತಪ್ಪು. ತೆರಿಗೆ ವಸೂಲು ಮಾಡುವ ಅಂಗಡಿಯ ಬಿಲ್ಲಿನಲ್ಲಿ 15 ಅಕ್ಷರಾಂಕಗಳ ನೋಂದಣಿ ಸಂಖ್ಯೆ ಇರಬೇಕು. ಮಹಾರಾಷ್ಟ್ರದ ಸಂಖ್ಯೆ 27ರಿಂದಲೂ ನಮ್ಮ ಕರ್ನಾಟಕದ ಸಂಖ್ಯೆ 29ರಿಂದಲೂ ಮೊದಲಾಗುತ್ತದೆ.

2025ನೆಯ ಸೆಪ್ಟೆಂಬರ್ 22ರಿಂದ ಈ ತೆರಿಗೆಯ ದರಗಳು ಬದಲಾದವು. ತಲೆಯೆಣ್ಣೆ, ಶಾಂಪೂ, ಹಲ್ಲುಜ್ಜುವ ಪೇಸ್ಟು, ಸ್ನಾನದ ಸಾಬೂನು, ಬಿಸ್ಕತ್ತು ಇವುಗಳ ಮೇಲಿನ ತೆರಿಗೆ ಶೇಕಡಾ 18ರಿಂದ 5ಕ್ಕೆ, ತುಪ್ಪ ಮತ್ತು ಬೆಣ್ಣೆಯದು 12ರಿಂದ 5ಕ್ಕೆ ಇಳಿಯಿತು. ಬಿಡಿಯಾಗಿ ತೂಗಿಕೊಡುವ ಅಕ್ಕಿ, ಬೇಳೆ, ಹಿಟ್ಟಿಗೆ ತೆರಿಗೆಯಿಲ್ಲ. ಕಂಪನಿಯ ಚೀಟಿಯಿರುವ 25 ಕಿಲೋವರೆಗಿನ ಚೀಲಕ್ಕೆ 2022ರ ಜುಲೈ 18ರಿಂದ ಶೇಕಡಾ 5 ಇದೆ. ನಿಮ್ಮ ಬಿಲ್ಲಿನಲ್ಲಿ ಸಾಬೂನಿಗೆ ಇನ್ನೂ 18ರ ತೆರಿಗೆ ಕಾಣುತ್ತಿದ್ದರೆ ಕೇಳತಕ್ಕ ಪ್ರಶ್ನೆಯೇ ಸರಿ.

ತೂಕ

ನಮ್ಮ ಹಿರಿಯರು ಸೇರು, ಮಣ ಎಂದು ತೂಗುತ್ತಿದ್ದರು. 1956ರ ಕಾಯಿದೆಯಿಂದ ಮೆಟ್ರಿಕ್ ತೂಕಗಳು ನಿಶ್ಚಯವಾಗಿ, 1958ರ ಅಕ್ಟೋಬರಿನಿಂದ ಹಂತಹಂತವಾಗಿ ಕಿಲೋಗ್ರಾಂ ಬಳಕೆಗೆ ಬಂತು. ತೂಕ ಬದಲಾದರೂ ಗಿರಾಕಿಯ ಎಚ್ಚರ ಬದಲಾಗಬೇಕಾಗಿಲ್ಲ. ವಸ್ತು ಇಡುವ ಮೊದಲು ತಕ್ಕಡಿಯ ಅಂಕಿ ಸೊನ್ನೆಯಲ್ಲಿದೆಯೇ ನೋಡಿ. ಸಿಹಿತಿಂಡಿಯನ್ನು ಪೆಟ್ಟಿಗೆಯೊಂದಿಗೆ ತೂಗಿದರೆ ಪೆಟ್ಟಿಗೆಯ ತೂಕ ಕಳೆಯಲು ಹೇಳಿ. ರಟ್ಟಿಗೆ ಪೇಡೆಯ ಬೆಲೆ ಕೊಡಬೇಕಾದ್ದಿಲ್ಲ. ವಿದ್ಯುತ್ ತಕ್ಕಡಿಗಳನ್ನು ಪ್ರತಿ ವರ್ಷ ಸರಕಾರದ ಇಲಾಖೆಯಿಂದ ಪರೀಕ್ಷೆ ಮಾಡಿಸಿ ಮುದ್ರೆ ಹಾಕಿಸಬೇಕೆಂಬ ನಿಯಮವಿದೆ. ಮಹಾರಾಷ್ಟ್ರದಲ್ಲಿ ಈ ಇಲಾಖೆಯನ್ನು "ವೈಧ ಮಾಪನ ಶಾಸ್ತ್ರ" ಎಂದು ಕರೆಯುತ್ತಾರೆ.

ಕೇಳುವ ರೀತಿ

ಮಾತು ಬಲ್ಲವನಿಗೆ ಜಗಳವಿಲ್ಲವೆಂಬ ಗಾದೆ ನಮ್ಮದೇ. ಮರಾಠಿ ಬಾರದೆಂಬ ಅಂಜಿಕೆಯಿಂದ ಸುಮ್ಮನಾಗುವವರು ಬಹಳ ಮಂದಿ. ಒಂದೇ ವಾಕ್ಯ ಸಾಕು: "ತಾಯೀ, ಹ್ಯಾಚಾ ಭಾವ ಜರಾ ಪರತ ಬಘತಾ ಕಾ?" ಅಂದರೆ, ಅಕ್ಕಾ, ಇದರ ಬೆಲೆಯನ್ನು ಇನ್ನೊಮ್ಮೆ ನೋಡುವಿರಾ ಎಂದು. ನಮ್ಮಲ್ಲಿ ತಾಯಿಯೆಂದರೆ ಅಮ್ಮ, ಅವರಲ್ಲಿ ತಾಯೀ ಎಂದರೆ ಅಕ್ಕ. ಎರಡೂ ಗೌರವದ ಮಾತೇ ಆದ್ದರಿಂದ ತಪ್ಪಿದರೂ ನಷ್ಟವಿಲ್ಲ. ಗಂಡಸರಾದರೆ "ದಾದಾ" ಎನ್ನಿ. ಬೆರಳಿನಿಂದ ಬಿಲ್ಲಿನ ಸಾಲನ್ನು ತೋರಿಸಿ, ಮೊಬೈಲಿನಲ್ಲಿರುವ ಫಲಕದ ಚಿತ್ರವನ್ನು ತೋರಿಸಿ. ಗಲ್ಲಾದಲ್ಲಿರುವವರಿಗೆ ಬಿಲ್ಲನ್ನು ತಿದ್ದುವ ಅಧಿಕಾರ ಇಲ್ಲದಿರಬಹುದು. ಅವರೊಡನೆ ವಾದಿಸದೆ ಮ್ಯಾನೇಜರನ್ನು ಕರೆಯಲು ಹೇಳಿ. ನಮ್ಮವರಲ್ಲಿಯೂ ಅನೇಕರು ಗಲ್ಲಾದಲ್ಲಿ ಕುಳಿತೇ ಅನ್ನ ಸಂಪಾದಿಸುವವರು. ಆ ಕುರ್ಚಿಯ ಕಷ್ಟ ನಮಗೆ ಹೊಸದಲ್ಲ.

ಇದೇ ನ್ಯಾಯ ಇನ್ನೊಂದು ಕಡೆಗೂ ಅನ್ವಯಿಸುತ್ತದೆ. ಚಹಾಪುಡಿ ಎರಡು ತಂದು ಬಿಲ್ಲಿನಲ್ಲಿ ಒಂದೇ ಇದ್ದರೆ ಅದನ್ನೂ ಹೋಗಿ ಹೇಳತಕ್ಕದ್ದು. ಲೆಕ್ಕ ಸರಿಯಾಗಿರಬೇಕೆಂದು ಕೇಳುವವನು ತನಗೆ ಲಾಭವಾದಾಗಲೂ ಹಾಗೆಯೇ ಕೇಳಿದರೆ ಅವನ ಮಾತಿಗೆ ತೂಕ ಬರುತ್ತದೆ.

ಕೇಳಿಯೂ ಆಗದಿದ್ದರೆ

ಬಿಲ್ಲು ಕೈಯಲ್ಲಿರಬೇಕು, ಇದು ಮೊದಲ ಮಾತು. ಸರಕು ಮಾರಿ ಬಿಲ್ಲು ಕೊಡದಿರುವುದನ್ನೂ 2019ರ ಕಾಯಿದೆ ಅನುಚಿತ ಪದ್ಧತಿಯೆಂದು ಎಣಿಸುತ್ತದೆ. ಮೊಬೈಲಿನಿಂದ ಹಣ ಕೊಟ್ಟ ಸಂದೇಶ ಬಿಲ್ಲಾಗಲಾರದು. ಅದರಲ್ಲಿ ಮೊತ್ತವಿರುತ್ತದೆ, ವಸ್ತುಗಳಿರುವುದಿಲ್ಲ. ಈಗಿನ ನುಣುಪು ಕಾಗದದ ಬಿಲ್ಲು ಬಿಸಿಲಿಗೂ ಸೆಕೆಗೂ ಕೆಲವು ತಿಂಗಳಲ್ಲಿ ಬಿಳಿಚಿಕೊಳ್ಳುತ್ತದೆ. ಅಂದೇ ಅದರ ಚಿತ್ರ ತೆಗೆದಿಡಿ.

ಅಂಗಡಿಯವರು ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ 1915ಕ್ಕೆ ಫೋನು ಮಾಡಬಹುದು. ಇದಕ್ಕೆ ಹಣ ತೆರಬೇಕಾಗಿಲ್ಲ. ಕನ್ನಡವೂ ಸೇರಿ 17 ಭಾಷೆಗಳಲ್ಲಿ ದೂರು ಹೇಳಲು ಏರ್ಪಾಡಿದೆ. ಎಂ.ಆರ್.ಪಿ. ಮೀರಿದ್ದು, ತೂಕ ಕಡಿಮೆಯಾದದ್ದು ಇವಕ್ಕೆ ವೈಧ ಮಾಪನ ಇಲಾಖೆ ಇದೆ. ಕೊನೆಯದಾಗಿ ಜಿಲ್ಲಾ ಗ್ರಾಹಕ ಆಯೋಗ. ನೀವು ವಾಸಿಸುವ ಜಿಲ್ಲೆಯಲ್ಲಿಯೇ ಎರಡು ವರ್ಷದೊಳಗೆ ದೂರು ಕೊಡಬಹುದು, 5 ಲಕ್ಷ ರೂಪಾಯಿಯವರೆಗಿನ ಖರೀದಿಗೆ ಶುಲ್ಕವಿಲ್ಲ, ವಕೀಲರೇ ಬೇಕೆಂದಿಲ್ಲ. ಡೊಂಬಿವಲಿ, ಕಲ್ಯಾಣ, ವಾಶಿ, ನೆರೂಳಿನವರು ಠಾಣೆ ಜಿಲ್ಲೆಗೂ, ನವಿ ಮುಂಬಯಿಯವರೇ ಆದರೂ ಖಾರ್ಘರ್, ಕಾಮೋಠೆಯವರು ರಾಯಗಡ ಜಿಲ್ಲೆಗೂ ಸೇರುತ್ತಾರೆಂಬುದನ್ನು ಮರೆಯಬೇಡಿ. 16 ರೂಪಾಯಿಗೆ ಆಯೋಗದವರೆಗೆ ಹೋಗಬೇಕೆಂದು ನಾವು ಹೇಳುತ್ತಿಲ್ಲ. ಅಲ್ಲಿಯವರೆಗೆ ದಾರಿಯಿದೆಯೆಂದು ಬಲ್ಲವನು ಗಲ್ಲಾದ ಎದುರಿಗೆ ತಲೆ ತಗ್ಗಿಸಿ ನಿಲ್ಲುವುದಿಲ್ಲ, ಇಷ್ಟೇ ನಮ್ಮ ಅಭಿಪ್ರಾಯ.

ಈ ಪ್ರಾಂತದಲ್ಲಿ ದುಡಿಯುವ ಜನ ಬೆಲೆಯ ವಿಷಯದಲ್ಲಿ ಒಟ್ಟಾಗಿ ನಿಂತದ್ದು ಹೊಸದೇನಲ್ಲ. ಮುಂಬಯಿಯ ನಾಯಗಾಂವಿನಲ್ಲಿ 1948ರಲ್ಲಿ ಕಾರ್ಮಿಕರು ಕಟ್ಟಿದ ಸಹಕಾರಿ ಭಂಡಾರವೇ ಅಪ್ನಾ ಬಜಾರ್ ಆಗಿ ಬೆಳೆಯಿತು. 1975ರಲ್ಲಿ ಬಿಂದುಮಾಧವ ಜೋಶಿಯವರು ಕಟ್ಟಿದ ಮುಂಬಯಿ ಗ್ರಾಹಕ ಪಂಚಾಯತದಲ್ಲಿ ಮನೆಗಳು ಗುಂಪುಗೂಡಿ ತಿಂಗಳ ಸಾಮಾನನ್ನು ಒಟ್ಟಿಗೆ ತರಿಸಿ ಹಂಚಿಕೊಳ್ಳುವ ಪದ್ಧತಿ ನಡೆದುಬಂತು. ನಮ್ಮ ಕೆಲಸ ಅಷ್ಟು ದೊಡ್ಡದಲ್ಲ. ಒಂದು ಕಾಗದವನ್ನು ಓದುವುದು ಮಾತ್ರ.

ಅಭ್ಯಾಸ

1. ತಂಪು ಪಾನೀಯದ ಬಾಟಲಿಯ ಎಂ.ಆರ್.ಪಿ. 40. ಬೀದಿಯ ಅಂಗಡಿಯವರು 42 ಕೇಳಿದರು. ಸರಿಯೇ?
2. ಪೇಸ್ಟಿನ ಬೆಲೆ ತೆರಿಗೆ ಸೇರಿ 84. ಶೇಕಡಾ 5ರಂತೆ ಇದರಲ್ಲಿ ತೆರಿಗೆ ಎಷ್ಟು?
3. ಬಟ್ಟೆ ಒಗೆಯುವ ಪುಡಿ 2 ಕಿಲೋವಿಗೆ 250, 3 ಕಿಲೋವಿಗೆ 390. ಯಾವುದು ಅಗ್ಗ?

ಉತ್ತರ: 1. ಸರಿಯಲ್ಲ. 2. ನಾಲ್ಕು ರೂಪಾಯಿ, ಕೇಂದ್ರಕ್ಕೆ ಎರಡು, ರಾಜ್ಯಕ್ಕೆ ಎರಡು. 3. ಎರಡು ಕಿಲೋವಿನದು, ಕಿಲೋವಿಗೆ 125. ದೊಡ್ಡ ಪೊಟ್ಟಣಕ್ಕೆ 130 ಬೀಳುತ್ತದೆ.

ನಾಲ್ಕನೆಯ ಪ್ರಶ್ನೆಯ ಉತ್ತರ ನಿಮ್ಮ ಜೇಬಿನಲ್ಲಿದೆ. ಮಡಚಿಟ್ಟ ಆ ಬಿಲ್ಲನ್ನು ಈಗಲೇ ತೆಗೆದು, ಮೇಜಿನ ಮೇಲೆ ಬಿಡಿಸಿಟ್ಟು, ಮೊದಲ ಸಾಲಿನಿಂದ ಓದಿ. ಲೆಕ್ಕ ಬಾರದವರು ಪಕ್ಕದಲ್ಲಿ ಕುಳಿತವರನ್ನು ಕೇಳಿ. ಕೇಳುವುದರಲ್ಲಿ ನಾಚಿಕೆಯಿಲ್ಲ.